ಕೈಯಲ್ಲಿ ಜಪಮಾಲೆ ಇದೆ, ದಿನಾಲೂ ಕೂಡುವುದು ಹೇಗೆ?

ಅಥಣಿಯ ಶಿಕ್ಷಕಿ (ಸೋಮವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಕಳೆದ ಕಾರ್ತಿಕದಲ್ಲಿ ನನ್ನ ತಾಯಿ ತೀರಿಕೊಂಡರು. ಅದಾದ ಎರಡು ತಿಂಗಳಿಗೆ ಶಾಲೆಯ ಪ್ರವಾಸದ ಜೊತೆ ಮುಂಡಗೋಡದ ಟಿಬೆಟಿಯನ್ನರ ಲಾಮಾ ಕ್ಯಾಂಪಿಗೆ ಹೋಗಿದ್ದೆ. ಮಕ್ಕಳು ಗೋಂಪಾದ (ಬೌದ್ಧ ಮಠದ) ಒಳಗೆ ಗೋಡೆಯ ಚಿತ್ರಗಳನ್ನು ನೋಡುತ್ತಿದ್ದಾಗ ಹೊರಗಿನ ಕಟ್ಟೆಯ ಮೇಲೆ ಒಬ್ಬ ಮುದುಕಿ ಕುಳಿತು ಎಡಗೈಯಲ್ಲಿ ಮಾಲೆ ಎಣಿಸುತ್ತಿದ್ದರು. ಅವರ ಹೆಬ್ಬೆರಳಿನ ಬದಿಯ ಚರ್ಮ ಮಣಿ ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿತ್ತು. ನನ್ನ ತಾಯಿಯ ಹೆಬ್ಬೆರಳು ರೊಟ್ಟಿ ತಟ್ಟಿ ಹಾಗೆಯೇ ಆಗಿತ್ತು. ಏಕೆಂದು ಹೇಳಲಾರೆ, ಆ ದಿನವೇ ಅಲ್ಲಿಯ ಅಂಗಡಿಯಲ್ಲಿ 108 ಮಣಿಗಳ ಒಂದು ಮಾಲೆಯನ್ನು ಕೊಂಡು ತಂದೆ.

ಮನೆಗೆ ಬಂದ ಮೇಲೆ ಬುದ್ಧನ ಬೋಧೆಗಳ ಕುರಿತು ಸ್ವಲ್ಪ ಓದಿದೆ. ದಿನಾಲೂ ಮುಂಜಾನೆ ಮೂರು ಸುತ್ತು 'ಓಂ ಮಣಿ ಪದ್ಮೇ ಹೂಂ' ಎಣಿಸಬೇಕು, ಬಳಿಕ ಅರ್ಧ ಗಂಟೆ ಧ್ಯಾನಕ್ಕೆ ಕೂಡಬೇಕು ಎಂದು ನಿಶ್ಚಯಿಸಿಕೊಂಡೆ. ಮೊದಲ ಸಲ ಹನ್ನೊಂದು ದಿನ ನಡೆಯಿತು, ಎರಡನೆಯ ಸಲ ನಾಲ್ಕು ದಿನ. ಈಗ ಮಾಲೆಯನ್ನು ಕಂಡರೆ ಸಮಾಧಾನಕ್ಕಿಂತ ತಪ್ಪಿತಸ್ಥ ಭಾವವೇ ಹೆಚ್ಚಾಗುತ್ತಿದೆ. 7.50ರ ಬಸ್ಸಿಗೆ ಓಡಬೇಕು, ಅದಕ್ಕೆ ಮುಂಚೆ ನಾಲ್ಕು ಜನರ ಬುತ್ತಿ ಕಟ್ಟಬೇಕು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಮೂರು ಸುತ್ತು ಕರುಣೆಯ ಮಂತ್ರವನ್ನು ಎಣಿಸಿ ಹೋದ ದಿನವೇ ಮೂರನೆಯ ತರಗತಿಯ ಒಂದು ಕೂಸಿಗೆ ಮಗ್ಗಿ ಬರಲಿಲ್ಲವೆಂದು ಅಳುವಂತೆ ಬೈದೆ. ಹಾಗಾದರೆ ನಾನು ಮುಂಜಾನೆ ಮಾಡಿದ್ದೇನು?

ನಮ್ಮದು ಲಿಂಗಾಯತ ಮನೆ. ಮಾವನವರು ಐದೂವರೆಗೆ ಇಷ್ಟಲಿಂಗ ಪೂಜೆಗೆ ಕೂಡುತ್ತಾರೆ. ಅತ್ತೆಯವರು ನನ್ನ ಮಾಲೆಯನ್ನು ನೋಡಿ, "ನಮ್ಮ ರುದ್ರಾಕ್ಷಿ ಇರುವಾಗ ಇದೇಕೆ?" ಎಂದು ಕೇಳಿದರು. ಅವರು ಸಿಟ್ಟಿನಿಂದ ಕೇಳಿದ್ದಲ್ಲವಾದರೂ ನನ್ನ ಬಳಿ ಉತ್ತರವಿರಲಿಲ್ಲ. ದೀಕ್ಷೆ ಇಲ್ಲದೆ ಈ ಮಂತ್ರವನ್ನು ಹೇಳಬಹುದೇ, ಬುದ್ಧನ ಬೋಧೆಯಲ್ಲಿ ಮಣಿ ಎಣಿಸುವುದಕ್ಕೆ ನಿಜವಾಗಿ ಸ್ಥಾನವಿದೆಯೇ, ಮತ್ತು ನಮ್ಮಂತಹ ಮನೆಯ ದಿನಚರಿಯಲ್ಲಿ ಇದನ್ನು ತಪ್ಪದೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಅನುಭವವಿದ್ದವರು ತಿಳಿಸಿ.

ನಿಪ್ಪಾಣಿಯ ಓದುಗ (ಸೋಮವಾರ, ರಾತ್ರಿ 10.15)

ಅಕ್ಕಾವರೇ, ನಿಮ್ಮ ದುಃಖಕ್ಕೆ ನನ್ನ ಸಹಾನುಭೂತಿ ಇದೆ. ಆದರೆ ಮಾಲೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ನಮ್ಮದು ಬಾಬಾಸಾಹೇಬರ ದಾರಿಯಲ್ಲಿ ಬುದ್ಧನನ್ನು ಕಂಡ ಮನೆ. ಅವರು 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತಿನಲ್ಲಿ ಮಾತನಾಡಿದ್ದನ್ನು ನಮ್ಮ ಓಣಿಯ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ದೀಕ್ಷೆ ತೆಗೆದುಕೊಂಡು ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದಾಗ ಯಾರ ಕೈಗೂ ಮಾಲೆಯನ್ನು ಕೊಡಲಿಲ್ಲ. ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗುವ ತ್ರಿಶರಣವನ್ನು ಮತ್ತು ಪಂಚಶೀಲಗಳನ್ನು ಕೊಟ್ಟರು. ನಮ್ಮ ಹಿರಿಯರು ತಾಯಿತ, ಅಂತ್ರ, ಮಣಿ ಎಲ್ಲವನ್ನೂ ಬಿಚ್ಚಿಟ್ಟು ಹೊರಗೆ ಬಂದವರು. ಅವರ ಮೊಮ್ಮಕ್ಕಳಾದ ನಾವು ಇನ್ನೊಂದು ಬಣ್ಣದ ಮಣಿಯನ್ನು ಕೈಗೆ ತೆಗೆದುಕೊಳ್ಳುವುದೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಸಂಜೆ ಏಳು ಗಂಟೆಗೆ ಮೇಣಬತ್ತಿ ಹಚ್ಚಿ ಎಲ್ಲರೂ ಸೇರಿ 'ಬುದ್ಧಂ ಶರಣಂ ಗಚ್ಛಾಮಿ'ಯಿಂದ ಪ್ರಾರಂಭಿಸಿ ಐದು ಶೀಲಗಳನ್ನು ಪಾಲಿಯಲ್ಲಿಯೂ ಕನ್ನಡದಲ್ಲಿಯೂ ಹೇಳುತ್ತೇವೆ. ಎಂಟು ನಿಮಿಷ ಸಾಕಾಗುತ್ತದೆ. ಜೀವಹಿಂಸೆ, ಕಳವು, ವ್ಯಭಿಚಾರ, ಸುಳ್ಳು ಮತ್ತು ಮತ್ತೇರಿಸುವ ಪದಾರ್ಥ, ಈ ಐದರಿಂದ ದೂರವಿರುವ ಶಿಕ್ಷಣವನ್ನು ಸ್ವೀಕರಿಸುತ್ತೇನೆ ಎಂಬುದೇ ಅದರ ಅರ್ಥ. ನೀವು ಕೂಸಿಗೆ ಬೈದ ಪ್ರಶ್ನೆಗೆ ಉತ್ತರ ಅಲ್ಲಿದೆ, ಮಣಿಯಲ್ಲಿ ಇಲ್ಲ.

ಗೋಕಾಕದ ಧ್ಯಾನಿ (ಸೋಮವಾರ, ರಾತ್ರಿ 10.50)

ನಿಪ್ಪಾಣಿಯವರ ಮಾತಿಗೆ ಬೇರೊಂದು ಕಾರಣದಿಂದ ನನ್ನ ಸಹಮತವಿದೆ. ನಾನು ಇಗತಪುರಿಯ ಧಮ್ಮಗಿರಿಯಲ್ಲಿ ಹತ್ತು ದಿನಗಳ ವಿಪಶ್ಯನ ಶಿಬಿರವನ್ನು ಎರಡು ಬಾರಿ ಮುಗಿಸಿದ್ದೇನೆ. ಅಲ್ಲಿ ಜಪಮಾಲೆ, ತಾಯಿತ ಮುಂತಾದವುಗಳನ್ನು ಶಿಬಿರಕ್ಕೆ ತರಬಾರದೆಂಬ ನಿಯಮವಿದೆ. ಶಬ್ದವನ್ನು ಜಪಿಸಿದರೆ ಮನಸ್ಸು ಬೇಗ ಏಕಾಗ್ರವಾಗುವುದು ನಿಜ, ಆದರೆ ಇದ್ದ ಉಸಿರನ್ನು ಇದ್ದ ಹಾಗೆ, ಮೈಮೇಲಿನ ಸಂವೇದನೆಯನ್ನು ಇದ್ದ ಹಾಗೆ ನೋಡುವ ಅಭ್ಯಾಸಕ್ಕೆ ಆ ಶಬ್ದವೇ ಒಂದು ಪರದೆಯಾಗುತ್ತದೆ ಎಂಬುದು ಅಲ್ಲಿ ಕಲಿಸುವ ತತ್ವ. ಉಸಿರು ಬಸ್ಸಿನಲ್ಲಿಯೂ ಇರುತ್ತದೆ, ಒಲೆಯ ಮುಂದೆಯೂ ಇರುತ್ತದೆ. ಮಾಲೆಯನ್ನು ಪೆಟ್ಟಿಗೆಯಲ್ಲಿಟ್ಟು ಮುಂಜಾನೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂಡಿ ನೋಡಿ.

ಜಮಖಂಡಿಯ ರೈತ (ಮಂಗಳವಾರ, ಮುಂಜಾನೆ 5.05)

ಅಣ್ಣಾ, ನಾಲ್ಕು ಜನರ ಬುತ್ತಿ ಕಟ್ಟಿ 7.50ರ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ದಿನಕ್ಕೆ ಎರಡು ಗಂಟೆ ಕೂಡು ಎಂದರೆ ಕೂಡಲೇಬೇಡ ಎಂದು ಹೇಳಿದ ಹಾಗೆಯೇ ಆಗುತ್ತದೆ.

ಬಾದಾಮಿಯ ದಾರಿಹೋಕ (ಮಂಗಳವಾರ, ಮುಂಜಾನೆ 7.20)

ಗೋಕಾಕದವರೇ, ಶಿಬಿರದ ನಿಯಮ ಶಿಬಿರಕ್ಕೆ ಸರಿ, ಅದನ್ನು ಇಡೀ ಬೌದ್ಧ ಪರಂಪರೆಯ ಮಾತೆಂದು ತಿಳಿಯಬಾರದು. ಈ ಶಿಬಿರಗಳನ್ನು ಪ್ರಾರಂಭಿಸಿದ ಗೋಯೆಂಕಾ ಅವರು ಹುಟ್ಟಿ ಬೆಳೆದು ವಿದ್ಯೆ ಕಲಿತ ಬರ್ಮಾದಲ್ಲಿಯೇ ಗೃಹಸ್ಥರು 108 ಮಣಿಗಳ ಮಾಲೆಯನ್ನು ಬಳಸುತ್ತಾರೆ. ಅರಹಂ, ಸಮ್ಮಾಸಂಬುದ್ಧೋ ಎಂದು ಪ್ರಾರಂಭವಾಗುವ ಬುದ್ಧನ ಒಂಬತ್ತು ಗುಣಗಳನ್ನು ಎಣಿಸುವವರಿದ್ದಾರೆ. 'ಅನಿಚ್ಚ, ದುಕ್ಖ, ಅನತ್ತ' (ಅನಿತ್ಯ, ದುಃಖ, ಅನಾತ್ಮ) ಎಂದು ಮಣಿಗೊಂದು ಶಬ್ದ ಹೇಳುವವರೂ ಇದ್ದಾರೆ. ಒಂಬತ್ತನ್ನು ಹನ್ನೆರಡು ಸಲ ಹೇಳಿದರೆ ಒಂದು ಸುತ್ತು ತುಂಬುತ್ತದೆ.

ಚೀನೀ ಭಾಷೆಯಲ್ಲಿ ಉಳಿದಿರುವ ಒಂದು ಸಣ್ಣ ಸೂತ್ರದಲ್ಲಿ ಹೀಗೊಂದು ಕಥೆ ಬರುತ್ತದೆ. ಬರ ಮತ್ತು ರೋಗಗಳಿಂದ ನಲುಗಿದ ನಾಡಿನ ಅರಸನೊಬ್ಬನು ತನಗೆ ದೀರ್ಘ ಸಾಧನೆಗೆ ಬಿಡುವಿಲ್ಲ, ಸುಲಭದ ದಾರಿ ಹೇಳಿರಿ ಎಂದು ಬುದ್ಧನನ್ನು ಕೇಳುತ್ತಾನೆ. 108 ಅಂಟುವಾಳದ ಬೀಜಗಳನ್ನು ಪೋಣಿಸಿ ಯಾವಾಗಲೂ ಜೊತೆಯಲ್ಲಿಟ್ಟುಕೊಂಡು, ನಡೆಯುವಾಗ, ಕೂಡುವಾಗ, ಮಲಗುವಾಗ ಬುದ್ಧ, ಧರ್ಮ, ಸಂಘ ಎಂದು ಒಂದೊಂದು ಬೀಜವನ್ನು ಸರಿಸು ಎಂದು ಬುದ್ಧನು ಹೇಳುತ್ತಾನೆ. ಹಳೆಯ ಬೌದ್ಧ ಗ್ರಂಥಗಳಾದ ಪಾಲಿ ತ್ರಿಪಿಟಕದಲ್ಲಿ ಈ ಕಥೆ ಇಲ್ಲ, ಇದು ನಂತರ ಬೆಳೆದ ಮಹಾಯಾನ ಪಂಥದ ಮಾತು. ಆದರೂ ಅಕ್ಕಾವರು ಕೇಳಿದ ಪ್ರಶ್ನೆಯನ್ನೇ ಆ ಅರಸನೂ ಕೇಳಿದ್ದಾನೆ ಎಂಬುದನ್ನು ಗಮನಿಸಿ. ನಾವು ತಲೆ ತೊಳೆಯಲು ಬಳಸುವ ಅದೇ ಅಂಟುವಾಳದ ಕಪ್ಪು ಬೀಜ!

ದೀಕ್ಷೆಯ ಬಗ್ಗೆ ಹೇಳುವುದಾದರೆ, 'ಓಂ ಮಣಿ ಪದ್ಮೇ ಹೂಂ' ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರನ ಮಂತ್ರ. ಟಿಬೆಟಿಯನ್ನರಲ್ಲಿ ಕುರಿ ಕಾಯುವವರಿಂದ ಹಿಡಿದು ಲಾಮಾಗಳವರೆಗೆ ಎಲ್ಲರೂ ಇದನ್ನು ಹೇಳುತ್ತಾರೆ, ಯಾರಿಗೂ ತಡೆಯಿಲ್ಲ. ದೀಕ್ಷೆ ಬೇಕಾಗುವ ಸಾಧನೆಗಳು ಬೇರೆ ಇವೆ.

ಮುದ್ದೇಬಿಹಾಳದ ಹುಡುಗ (ಮಂಗಳವಾರ, ಮಧ್ಯಾಹ್ನ 1.10)

108 ಎಂಬ ಸಂಖ್ಯೆಯೇ ಏಕೆ? ಇದು ಬೌದ್ಧರದ್ದೇ ಅಲ್ಲವೇ?

ಬಾದಾಮಿಯ ದಾರಿಹೋಕ (ಮಂಗಳವಾರ, ಮಧ್ಯಾಹ್ನ 1.35)

ಬೌದ್ಧರು ಕೊಡುವ ಒಂದು ವಿವರಣೆಯ ಮೂಲ ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿದೆ. ಕಣ್ಣು, ಕಿವಿ, ಮೂಗು, ನಾಲಗೆ, ಮೈ, ಮನಸ್ಸು ಎಂಬ ಆರು ದ್ವಾರಗಳಲ್ಲಿ ಸುಖ, ದುಃಖ, ಉಪೇಕ್ಷೆ ಎಂಬ ಮೂರು ಬಗೆ ಸೇರಿ 18. ಅವು ಸಂಸಾರಕ್ಕೆ ಅಂಟಿದವು, ತ್ಯಾಗಕ್ಕೆ ಸಂಬಂಧಿಸಿದವು ಎಂದು ಎರಡಾಗಿ 36. ಹಿಂದಿನ, ಈಗಿನ, ಮುಂದಿನ ಎಂಬ ಮೂರು ಕಾಲಗಳಿಂದ 108 ವೇದನೆಗಳು, ಅಂದರೆ ಅನುಭವಗಳು. ಒಂದು ಸುತ್ತು ಎಣಿಸುವಾಗ ಮನುಷ್ಯನು ಅನುಭವಿಸಬಹುದಾದ ಎಲ್ಲವನ್ನೂ ಬೆರಳ ತುದಿಯಲ್ಲಿ ಮುಟ್ಟಿ ಬಿಡುತ್ತಿದ್ದೇನೆ ಎಂದು ಭಾವಿಸುವುದಕ್ಕೆ ಇದು ನನಗೆ ಬಹಳ ನೆರವಾಗಿದೆ.

ಬೆಳಗಾವಿ ಶಹಾಪುರ (ಮಂಗಳವಾರ, ಸಂಜೆ 6.30)

ಬೌದ್ಧರದ್ದೂ ಹೌದು, ಅವರದ್ದಷ್ಟೇ ಅಲ್ಲ. ನಾವು ಜೈನರು ಣಮೋಕಾರ ಮಂತ್ರವನ್ನು 108 ಮಣಿಗಳ ಮೇಲೆ ಎಣಿಸುತ್ತೇವೆ. ಅರಿಹಂತರ 12, ಸಿದ್ಧರ 8, ಆಚಾರ್ಯರ 36, ಉಪಾಧ್ಯಾಯರ 25, ಸಾಧುಗಳ 27 ಗುಣಗಳನ್ನು ಕೂಡಿಸಿದರೆ 108 ಆಗುತ್ತದೆ. ನನ್ನ ಅಜ್ಜಿ ಒಂದೊಂದು ಮಣಿಗೆ ಒಂದೊಂದು ಗುಣದ ಹೆಸರನ್ನು ಹೇಳಬಲ್ಲವರಾಗಿದ್ದರು, ನನಗೆ ಅದು ಬರುವುದಿಲ್ಲ. ಅಕ್ಕಾವರೇ, ನಿಮ್ಮ ಅತ್ತೆಯವರಿಗೆ ಹೇಳಿ: ರುದ್ರಾಕ್ಷಿಯಾಗಲಿ, ತುಳಸಿಯಾಗಲಿ, ಗಂಧದ ಮಣಿಯಾಗಲಿ, ಈ ನಾಡಿನ ಕೈಗಳು ಎಣಿಸುವುದನ್ನು ಬಹಳ ಹಿಂದೆಯೇ ಕಲಿತಿವೆ.

ವಿಜಯಪುರದವ (ಮಂಗಳವಾರ, ರಾತ್ರಿ 9.00)

ನಾನು ಬೌದ್ಧನಲ್ಲ, ಆದರೂ ಈ ಚರ್ಚೆಯಲ್ಲಿ ಒಂದು ಮಾತು ಹೇಳಬೇಕೆನಿಸಿತು. ನಮ್ಮ ತಂದೆಯವರು ನಮಾಜಿನ ನಂತರ ತಸಬಿಯ ಮೇಲೆ 'ಸುಬ್ಹಾನಲ್ಲಾಹ್' 33, 'ಅಲ್ಹಮ್ದುಲಿಲ್ಲಾಹ್' 33, 'ಅಲ್ಲಾಹು ಅಕ್ಬರ್' 34 ಸಲ ಹೇಳುತ್ತಾರೆ. ತಸಬಿ ಹತ್ತಿರವಿಲ್ಲದಿದ್ದರೆ ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಾರೆ. ಗೋಲಗುಮ್ಮಟದ ಹತ್ತಿರ ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದ ಮನುಷ್ಯ ಅವರು. ಪಂಕ್ಚರ್ ಹಾಕುತ್ತಿರುವಾಗ ಅಜಾನ್ ಕೇಳಿಸಿದರೆ ಟ್ಯೂಬನ್ನು ನೀರಿನಲ್ಲಿಯೇ ಬಿಟ್ಟು ಕೈತೊಳೆದುಕೊಂಡು ಏಳುತ್ತಿದ್ದರು. ಇಂದು ಮನಸ್ಸಿದೆಯೋ ಇಲ್ಲವೋ ಎಂದು ಅವರು ತಮ್ಮನ್ನು ತಾವು ಕೇಳಿಕೊಂಡದ್ದನ್ನು ನಾನು ಕಂಡಿಲ್ಲ. ಹೊತ್ತು ಆಯಿತೆಂದರೆ ಎದ್ದರು, ಅಷ್ಟೇ.

ಅಕ್ಕಾವರೇ, ನಿಮ್ಮ ತೊಂದರೆ ಭಕ್ತಿಯ ಕೊರತೆಯಲ್ಲ ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಸಾಧನೆಗೆ ಕರೆಯುವ ಗಂಟೆ ಇಲ್ಲ. ನಿಮ್ಮ ಮನೆಯಲ್ಲಿ ಐದೂವರೆಗೆ ಮಾವನವರು ಪೂಜೆಗೆ ಕೂಡುತ್ತಾರಲ್ಲ, ಅದನ್ನೇ ನಿಮ್ಮ ಕರೆಯೆಂದು ತಿಳಿಯಿರಿ. ಅವರು ಲಿಂಗಪೂಜೆಗೆ ಕುಳಿತಾಗ ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ನೀವೂ ಕುಳಿತುಬಿಡಿ.

ಅಥಣಿಯ ಶಿಕ್ಷಕಿ (ಬುಧವಾರ, ರಾತ್ರಿ 9.15)

ಎಲ್ಲರ ಉತ್ತರಗಳನ್ನು ಎರಡೆರಡು ಸಲ ಓದಿದೆ. ವಿಜಯಪುರದ ಅಣ್ಣನವರ ಮಾತು ನನಗೆ ನೇರವಾಗಿ ತಾಗಿತು. ಆದರೆ ಒಂದು ಸಂಗತಿಯನ್ನು ಮೊದಲು ಬರೆದಿರಲಿಲ್ಲ. ಕಣ್ಣು ಮುಚ್ಚಿ ಕುಳಿತ ಕೂಡಲೇ ಆಸ್ಪತ್ರೆಯ ಕೊನೆಯ ಮೂರು ದಿನಗಳು ಕಣ್ಣಮುಂದೆ ಬರುತ್ತವೆ. ಅರ್ಧ ಗಂಟೆಯ ಧ್ಯಾನವನ್ನು ಬಿಡುವುದಕ್ಕೆ ಬಸ್ಸು ಒಂದೇ ಕಾರಣವಲ್ಲ. ಮಣಿ ಎಣಿಸುವಾಗ ಅದು ಸ್ವಲ್ಪ ಕಡಿಮೆ. ಅಮ್ಮನನ್ನು ನೆನೆದು ಅವಳಿಗೇ ಮೈತ್ರಿ ಭಾವನೆಯನ್ನು, ಅಂದರೆ ಒಳಿತಿನ ಹಾರೈಕೆಯನ್ನು ಕಳಿಸುವ ಕ್ರಮವೇನಾದರೂ ಇದೆಯೇ?

ಗೋಕಾಕದ ಧ್ಯಾನಿ (ಬುಧವಾರ, ರಾತ್ರಿ 9.50)

ಅಂಗುತ್ತರ ನಿಕಾಯ ಎಂಬ ಇನ್ನೊಂದು ಪಾಲಿ ಸಂಗ್ರಹದಲ್ಲಿ ಗೃಹಸ್ಥರೂ ಸನ್ಯಾಸಿಗಳೂ ಪದೇ ಪದೇ ನೆನೆಯಬೇಕಾದ ಐದು ವಿಷಯಗಳನ್ನು ಹೇಳಲಾಗಿದೆ. ಮುಪ್ಪು ನನಗೆ ತಪ್ಪಿದ್ದಲ್ಲ, ರೋಗ ತಪ್ಪಿದ್ದಲ್ಲ, ಸಾವು ತಪ್ಪಿದ್ದಲ್ಲ, ಪ್ರಿಯವಾದ ಎಲ್ಲದರಿಂದಲೂ ಅಗಲಬೇಕು, ನನ್ನ ಕರ್ಮಕ್ಕೆ ನಾನೇ ವಾರಸುದಾರ. ಮಂತ್ರದ ಬದಲು ಇವನ್ನು ದಿನಾಲೂ ಮುಂಜಾನೆ ನೆನೆಯಿರಿ.

ಬಾಗಲಕೋಟೆಯ ನರ್ಸ್ (ಗುರುವಾರ, ಬೆಳಗಿನ ಜಾವ 2.30)

ಗೋಕಾಕದವರೇ, ಆ ಐದು ಮಾತುಗಳು ದೊಡ್ಡವೇ. ಆದರೆ ತಾಯಿಯ ಸಾವಿನ ದೃಶ್ಯಗಳು ಇನ್ನೂ ಹಸಿಯಾಗಿರುವಾಗ, ಒಬ್ಬರೇ ಕಣ್ಣು ಮುಚ್ಚಿ ಕುಳಿತು ಸಾವು ತಪ್ಪಿದ್ದಲ್ಲ ಎಂದು ನೆನೆಯಲು ಹೇಳುವುದು ಈಗ ಬೇಡ. ನಾನು ವಾರ್ಡಿನಲ್ಲಿ ಇಂತಹ ಮನೆಯವರನ್ನು ದಿನವೂ ನೋಡುತ್ತೇನೆ. ಅಕ್ಕಾ, ಕಣ್ಣು ತೆರೆದೇ ಕುಳಿತುಕೊಳ್ಳಿ. ಟಿಬೆಟಿಯನ್ ಪದ್ಧತಿಯಲ್ಲಿಯೂ ಅರೆಗಣ್ಣು ತೆರೆದು ಕೂಡುವುದು ರೂಢಿಯಲ್ಲಿದೆ. ಕೈಯಲ್ಲಿ ಮಣಿ ಇರಲಿ, ಪಾದ ನೆಲಕ್ಕೆ ತಾಗಿರಲಿ. ರಾತ್ರಿ ನಿದ್ದೆ ಇಲ್ಲದೆ, ಊಟ ಸೇರದೆ ವಾರಗಟ್ಟಲೆ ಆಗಿದ್ದರೆ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಸಾಧನೆಯೂ ನಡೆಯಲಿ, ಇದೂ ನಡೆಯಲಿ, ಒಂದಕ್ಕೊಂದು ಅಡ್ಡಿಯಿಲ್ಲ.

ಗೋಕಾಕದ ಧ್ಯಾನಿ (ಗುರುವಾರ, ಮುಂಜಾನೆ 6.10)

ತಾಯಿ, ನೀವು ಹೇಳಿದ್ದು ಸರಿ. ನಾನು ದುಡುಕಿ ಬರೆದೆ. ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಬಾದಾಮಿಯ ದಾರಿಹೋಕ (ಗುರುವಾರ, ಮುಂಜಾನೆ 8.00)

ತಾಯಿಗೆ ಮೈತ್ರಿ ಕಳಿಸುವ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಐದನೆಯ ಶತಮಾನದ ಬೌದ್ಧ ಆಚಾರ್ಯ ಬುದ್ಧಘೋಷರು ವಿಸುದ್ಧಿಮಗ್ಗ ಎಂಬ ಸಾಧನೆಯ ಗ್ರಂಥದಲ್ಲಿ ಮೈತ್ರಿ ಧ್ಯಾನವನ್ನು ಮೊದಲು ತನ್ನಿಂದ ಪ್ರಾರಂಭಿಸಬೇಕು, ಬಳಿಕ ಪ್ರಿಯರು, ಪರಿಚಯವಷ್ಟೇ ಇರುವವರು, ಕೊನೆಗೆ ವೈರಿ ಎಂಬ ಕ್ರಮವನ್ನು ಹೇಳುತ್ತಾರೆ. ತೀರಿಹೋದವರನ್ನು ಮೈತ್ರಿ ಧ್ಯಾನದ ವಿಷಯವನ್ನಾಗಿ ಮಾಡಿಕೊಳ್ಳಬಾರದು, ಮನಸ್ಸು ಅದರಲ್ಲಿ ನೆಲೆ ನಿಲ್ಲುವುದಿಲ್ಲ ಎಂದೂ ಹೇಳುತ್ತಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ಕಠಿಣವೆನಿಸಿತ್ತು. ಆದರೆ ಅದೇ ಪರಂಪರೆ ತೀರಿಹೋದವರಿಗಾಗಿ ಬೇರೊಂದು ಬಾಗಿಲನ್ನು ತೆರೆದಿಟ್ಟಿದೆ. ಒಂದು ಒಳ್ಳೆಯ ಕೆಲಸವನ್ನು, ಮುಖ್ಯವಾಗಿ ದಾನವನ್ನು ಮಾಡಿ ಅದರ ಪುಣ್ಯವನ್ನು ಅವರಿಗೆ ಒಪ್ಪಿಸುವುದು. 'ಇದಂ ಮೇ ಞಾತೀನಂ ಹೋತು, ಸುಖಿತಾ ಹೋಂತು ಞಾತಯೋ' ಎಂಬುದು ಆಗ ಹೇಳುವ ಮಾತು. ಇದು ನನ್ನ ಬಂಧುಗಳಿಗೆ ಸಲ್ಲಲಿ, ಬಂಧುಗಳು ಸುಖವಾಗಿರಲಿ ಎಂದು ಅರ್ಥ. ಟಿಬೆಟಿಯನ್ನರೂ ಜಪ ಮುಗಿದ ಮೇಲೆ ಅದರ ಪುಣ್ಯವನ್ನು ಎಲ್ಲ ಜೀವಿಗಳಿಗೆ ಒಪ್ಪಿಸಿಯೇ ಏಳುತ್ತಾರೆ.

ಮನೆಯವರು ಇದೆಲ್ಲ ಪರದೇಶದ್ದು ಎಂದರೆ ಅವರನ್ನು ಒಂದು ದಿನ ಐಹೊಳೆಗೆ ಕರೆದುಕೊಂಡು ಬನ್ನಿ. ಮೇಗುತಿ ಗುಡ್ಡವನ್ನು ಹತ್ತುವಾಗ ಅರ್ಧ ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಚೈತ್ಯ (ಪ್ರಾರ್ಥನಾ ಮಂದಿರ) ಇದೆ. ಅರ್ಧ ಕಟ್ಟಿದ್ದು, ಅರ್ಧ ಬಂಡೆಯಲ್ಲಿ ಕೊರೆದದ್ದು. ಮೇಲೆ 634ರ ರವಿಕೀರ್ತಿಯ ಶಾಸನವಿರುವ ಜೈನ ಬಸದಿ. ಚೈತ್ಯದ ಪಡಸಾಲೆಯಲ್ಲಿ ನಿಂತು ಕತ್ತೆತ್ತಿದರೆ ಚಾವಣಿಯಲ್ಲಿ ಕುಳಿತ ಬುದ್ಧನು ಕಾಣುತ್ತಾನೆ. ಗದಗ ಜಿಲ್ಲೆಯ ಡಂಬಳದ 1095ರ ಶಾಸನವು ಬೌದ್ಧರ ತಾರಾದೇವಿಯನ್ನು ಸ್ತುತಿಸಿ, ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ವಿಹಾರಕ್ಕೆ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ.

ನಿಪ್ಪಾಣಿಯ ಓದುಗ (ಗುರುವಾರ, ರಾತ್ರಿ 8.20)

ನಾನು ಮಾಲೆಯನ್ನು ಇನ್ನೂ ಒಪ್ಪಿಲ್ಲ. ಎಷ್ಟು ಎಣಿಸಿದೆ ಎಂಬ ಲೆಕ್ಕ ಶುರುವಾದರೆ ಬುದ್ಧನ ವಚನಗಳ ಸಂಗ್ರಹವಾದ ಧಮ್ಮಪದದ 19ನೆಯ ಗಾಥೆಯ ದನಗಾಹಿಯಂತೆ ಆಗುತ್ತೇವೆ. ಶಾಸ್ತ್ರವನ್ನು ಎಷ್ಟು ಹೇಳಿದರೂ ಅದರಂತೆ ನಡೆಯದವನು ಇನ್ನೊಬ್ಬರ ದನಗಳನ್ನು ಎಣಿಸುವವನಿದ್ದಂತೆ, ಹಾಲು ಅವನದಲ್ಲ.

ಆದರೆ ಅಕ್ಕಾವರು ಮಾತಿನ ಬಗ್ಗೆ ಕೇಳಿದ್ದಾರೆ. ಅದಕ್ಕೆ ಬುದ್ಧನು ಐದು ಪರೀಕ್ಷೆಗಳನ್ನು ಕೊಟ್ಟಿದ್ದಾನೆ. ಆಡುವ ಮಾತು ಸಮಯಕ್ಕೆ ತಕ್ಕದ್ದೇ, ಸತ್ಯವೇ, ಮೃದುವೇ, ಉಪಯೋಗದ್ದೇ, ಮೈತ್ರಿಯ ಮನಸ್ಸಿನಿಂದ ಬಂದದ್ದೇ ಎಂದು ನೋಡಬೇಕು. ನಾನೂ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವನು. ಮಗ್ಗಿ ಬಾರದ ಕೂಸಿಗೆ ನಾವು ಬೈಯುವ ಮಾತು ಸತ್ಯವೇ ಆಗಿರುತ್ತದೆ. ಉಳಿದ ನಾಲ್ಕರಲ್ಲಿ ನಪಾಸಾಗುತ್ತದೆ.

ಮುದ್ದೇಬಿಹಾಳದ ಹುಡುಗ (ಗುರುವಾರ, ರಾತ್ರಿ 10.05)

ಹಾಗಾದರೆ ಐದು ಪರೀಕ್ಷೆಗೆ ಐದು ಮಣಿಯ ಒಂದು ಸಣ್ಣ ಸರ ಮಾಡಿಕೊಂಡರೆ ಆಗುತ್ತದೆಯಲ್ಲವೇ? ಇನ್ನೊಂದು ಪ್ರಶ್ನೆ. ನಾನು ಒಂದು ಅಂಗಡಿಯಲ್ಲಿ ಬೋಧಿವೃಕ್ಷದ ಬೀಜದ ಮಾಲೆಯೆಂದು ಹೇಳಿದ್ದನ್ನು ನಂಬಿ 2,400 ರೂಪಾಯಿ ಕೊಟ್ಟೆ. ಅದು ನಿಜವೇ?

ಇಳಕಲ್ ನೂಲು (ಶುಕ್ರವಾರ, ಮುಂಜಾನೆ 9.30)

ತಮ್ಮಾ, ಬುದ್ಧನು ಕುಳಿತ ಬೋಧಿ ಎಂದರೆ ನಮ್ಮ ಅರಳಿ ಮರವೇ. ಅರಳಿಯ ಹಣ್ಣನ್ನು ಒಡೆದು ನೋಡು, ಬೀಜವು ಸಾಸಿವೆಗಿಂತಲೂ ಸಣ್ಣದು, ಅದರಲ್ಲಿ ತೂತು ಕೊರೆಯುವುದು ಯಾರಿಂದಲೂ ಆಗದು. ಬೋಧಿ ಬೀಜವೆಂದು ಮಾರುವ ಮಣಿಗಳಲ್ಲಿ ಬೆಲೆಬಾಳುವವು ನೇಪಾಳದ ಕಾಭ್ರೆ ಜಿಲ್ಲೆಯ ತಿಮಾಲ್ ಭಾಗದಲ್ಲಿ ಬೆಳೆಯುವ, ಬಾರಿಹಣ್ಣಿನ ಜಾತಿಗೆ ಸೇರಿದ ಒಂದು ಮರದ ಬೀಜಗಳು. ಹೆಸರು ಹಾಗೆ ಬಂದಿದೆ, ಅಷ್ಟೇ. ಮಣಿ ಯಾವುದಾದರೂ ಜಪಕ್ಕೆ ಕೊರತೆಯಿಲ್ಲ, ಮನಸ್ಸು ಕೆಡಿಸಿಕೊಳ್ಳಬೇಡ.

ಮಣಿಗಿಂತ ದಾರವೇ ಮುಖ್ಯ ಎಂಬುದು ನಮ್ಮ ಕಸುಬಿನವರ ಮಾತು. ಅಂಗಡಿಯ ಮಾಲೆಗಳಲ್ಲಿ ಎಳೆಯುವ ರಬ್ಬರಿನ ದಾರವಿರುತ್ತದೆ, ಅದು ಕೆಲವು ತಿಂಗಳುಗಳಲ್ಲಿ ಸಡಿಲವಾಗುತ್ತದೆ. ನಿಮ್ಮ ಊರಿನ ಪಟವೇಗಾರರ ಹತ್ತಿರ ಹೋಗಿ. ಬೋರಮಾಳ, ಗುಂಡಿನ ಸರ ಪೋಣಿಸುವ ಹಾಗೆಯೇ ಹುರಿ ಮಾಡಿದ ರೇಷ್ಮೆ ದಾರದಲ್ಲಿ ಪೋಣಿಸಿಕೊಡುತ್ತಾರೆ. ಮಣಿ ಮಣಿಗೂ ನಡುವೆ ಒಂದು ಗಂಟು ಹಾಕಿಸಿ. ಆಗ ಮಣಿ ಸರಿಸಿದಾಗ ಬೆರಳಿಗೆ ಅಂತರ ತಿಳಿಯುತ್ತದೆ, ದಾರ ಹರಿದರೂ ಎಲ್ಲವೂ ಉದುರುವುದಿಲ್ಲ. ಗಂಟು ಬಿಗಿಯುವಾಗ ಅವರು ಸೂಜಿಯ ಮೊನೆಯನ್ನು ಕುಣಿಕೆಯೊಳಗೆ ಇಟ್ಟು ಅದನ್ನು ಮಣಿಯ ತುಟಿಗೆ ತಂದು ಮೆಲ್ಲಗೆ ಸೂಜಿಯನ್ನು ಹಿಂದಕ್ಕೆಳೆಯುತ್ತಾರೆ, ನೋಡುವಂತಿರುತ್ತದೆ. ಮಾಲೆಯ ಎರಡು ತುದಿಗಳು ಸೇರುವ ಮೇರುಮಣಿಯ ಕೆಳಗೆ ಗೊಂಡೆ ಬರಲಿ. ಎಣಿಕೆ ಅಲ್ಲಿಗೆ ಬಂದಾಗ ಅದನ್ನು ದಾಟದೆ ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲಿಯೇ ಹಿಂದಿರುಗಬೇಕು.

ಬಾದಾಮಿಯ ದಾರಿಹೋಕ (ಶುಕ್ರವಾರ, ಮುಂಜಾನೆ 10.00)

ಅದಕ್ಕೆ ಸೇರಿಸುವ ಒಂದು ಮಾತು. ಟಿಬೆಟಿಯನ್ನರು 108 ಎಣಿಸಿದರೂ ಲೆಕ್ಕಕ್ಕೆ ಹಿಡಿಯುವುದು 100 ಮಾತ್ರ. ತಪ್ಪಿಹೋದವು, ಮನಸ್ಸು ಎಲ್ಲಿಯೋ ಇದ್ದಾಗ ಸರಿದವು ಎಂದು ಎಂಟನ್ನು ಬಿಟ್ಟುಬಿಡುತ್ತಾರೆ. ಲೆಕ್ಕದಲ್ಲಿಯೇ ತಪ್ಪಿಗೆ ಜಾಗವಿದೆ. ಅಕ್ಕಾವರ ತಪ್ಪಿತಸ್ಥ ಭಾವಕ್ಕೆ ಇದು ಔಷಧ.

ತಂಬೂರಿ (ಶುಕ್ರವಾರ, ರಾತ್ರಿ 9.10)

ನಾನು ಬೆಳಗಾವಿಯಲ್ಲಿ ಮಕ್ಕಳಿಗೆ ಹಿಂದುಸ್ತಾನಿ ಸಂಗೀತವನ್ನು ಹೇಳಿಕೊಡುತ್ತೇನೆ. ಮೂರು ಸುತ್ತು ಮತ್ತು ಅರ್ಧ ಗಂಟೆ ಎಂಬ ಮೊದಲ ದಿನದ ನಿಶ್ಚಯವನ್ನು ಓದಿದಾಗ ನನಗೆ ಸೋಣನ ಕಥೆ ನೆನಪಾಯಿತು. ಸೋಣನು ಶ್ರೀಮಂತರ ಮಗ, ವೀಣೆ ನುಡಿಸುವುದನ್ನು ಬಲ್ಲವನು. ಭಿಕ್ಷುವಾದ ಮೇಲೆ ಪಾದ ಒಡೆದು ರಕ್ತ ಬರುವಷ್ಟು ನಡೆದು ನಡೆದು ಸಾಧನೆ ಮಾಡಿದನು. ಫಲ ಕಾಣದೆ ಮನೆಗೆ ಮರಳಿಬಿಡಲೇ ಎಂದು ಯೋಚಿಸುತ್ತಿದ್ದಾಗ ಬುದ್ಧನು ಬಂದು, ತಂತಿ ಅತಿಯಾಗಿ ಬಿಗಿಯಾಗಿದ್ದರೆ ನಿನ್ನ ವೀಣೆ ನುಡಿಯುತ್ತಿತ್ತೇ, ಅತಿಯಾಗಿ ಸಡಿಲವಾಗಿದ್ದರೆ ನುಡಿಯುತ್ತಿತ್ತೇ ಎಂದು ಕೇಳಿದನು.

ಈ ಉಪಮೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ತಂಬೂರಿ ಶ್ರುತಿ ಮಾಡುವವರಿಗೆ ಅದರೊಳಗೆ ಇನ್ನೊಂದು ಸಂಗತಿ ಕಾಣುತ್ತದೆ. ಮಿರಜಿನಿಂದ ತಂದ ತಂಬೂರಿಯನ್ನು ಒಮ್ಮೆ ಶ್ರುತಿ ಮಾಡಿದರೆ ಅದು ಹಾಗೆಯೇ ನಿಲ್ಲುವುದಿಲ್ಲ. ಬೆಳಗಾವಿಯ ಮಳೆಗಾಲದ ತೇವಕ್ಕೂ ಬೇಸಿಗೆಯ ಬಿಸಿಗೂ ಬದಲಾಗುತ್ತದೆ. ದಿನಾಲೂ ಹಾಡುವ ಮುಂಚೆ ಕುಳಿತು ಬಿರಡೆ ತಿರುಗಿಸಲೇಬೇಕು. ಆಮೇಲೆ ತಂತಿಗಳನ್ನು ಹೊರುವ ಪಟ್ಟಿಯಾದ ಕುದುರೆಯ ಮೇಲೆ ತಂತಿಯ ಕೆಳಗಿರುವ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಸರಿಸಿದಾಗ ಜವಾರಿ, ಅಂದರೆ ತಂತಿಯ ಝೇಂಕಾರ, ಬಿಚ್ಚಿಕೊಂಡು ಇಡೀ ಕೋಣೆ ತುಂಬುತ್ತದೆ. ನಿನ್ನೆ ಶ್ರುತಿ ಇಳಿದಿತ್ತು ಎಂದು ತಂಬೂರಿಯ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ತಂಗೀ, ನಾಲ್ಕು ದಿನ ಬಿಟ್ಟಿದ್ದರೆ ಐದನೆಯ ದಿನ ಕುಳಿತು ಬಿರಡೆ ತಿರುಗಿಸು. 108 ಬೇಡ, 21 ಮಣಿ ಸಾಕು. ನನ್ನ ಶಿಷ್ಯರಿಗೆ ಮೊದಲ ಆರು ತಿಂಗಳು ನಾನು ಷಡ್ಜವೊಂದನ್ನೇ ಹಾಡಿಸುತ್ತೇನೆ.

ಜಮಖಂಡಿಯ ರೈತ (ಶನಿವಾರ, ಬೆಳಗಿನ ಜಾವ 3.40)

ನನ್ನ ಅನುಭವವನ್ನೂ ಬರೆಯುತ್ತೇನೆ. ನಮ್ಮಲ್ಲಿ ತ್ರೀಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ಕಬ್ಬಿಗೆ ನೀರು ತಿರುವಲು ಬಂದವನು ಮೋಟರಿನ ಮನೆಯ ಮುಂದೆ ಕುಳಿತು ಒಂದು ಸಾಲು ತುಂಬುವವರೆಗೆ ಕಾಯಬೇಕು. ಮೊದಲು ಆ ಹೊತ್ತನ್ನು ಮೊಬೈಲು ನೋಡುತ್ತಾ ಕಳೆಯುತ್ತಿದ್ದೆ. ಈಗ ಉಸಿರನ್ನು ಎಣಿಸುತ್ತೇನೆ. ಐದಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, ಹತ್ತನ್ನು ದಾಟಬಾರದು ಎಂದು ಹಳೆಯ ಆಚಾರ್ಯರು ಹೇಳಿದ್ದಾರಂತೆ. ಹತ್ತಕ್ಕೆ ಬಂದರೆ ಮತ್ತೆ ಒಂದರಿಂದ ಶುರು. ಹದಿನೇಳು, ಹದಿನೆಂಟು ಎಂದು ಎಣಿಕೆ ಓಡುತ್ತಿದ್ದರೆ ಮನಸ್ಸು ತಪ್ಪಿಸಿಕೊಂಡಿದೆ ಎಂದೇ ಅರ್ಥ. ಹತ್ತು ಸಲ ಹತ್ತು ಆಗುವಷ್ಟರಲ್ಲಿ ಸಾಲಿನ ತುದಿಗೆ ನೀರು ಮುಟ್ಟಿದ ಸಪ್ಪಳ ಕೇಳಿಸುತ್ತದೆ. ಎದ್ದು ಮಡೆ ತಿರುವಿ ಮತ್ತೆ ಬಂದು ಕೂಡುತ್ತೇನೆ. ನನಗೆ ಬೇರೆ ಗಂಟೆಯೇ ಬೇಕಾಗಿಲ್ಲ. ತಂಗೀ, ಹೊಸ ಹೊತ್ತನ್ನು ಹುಡುಕಬೇಡ, ದಿನದಲ್ಲಿ ಸುಮ್ಮನೆ ಕಾಯುತ್ತಿರುವ ಹೊತ್ತು ಯಾವುದೆಂದು ನೋಡು.

ಅಥಣಿಯ ಶಿಕ್ಷಕಿ (ಆರು ವಾರಗಳ ನಂತರ, ಭಾನುವಾರ, ಸಂಜೆ 5.30)

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಮಾಡಿ ನೋಡಿದ ಮೇಲೆಯೇ ಬರೆಯಬೇಕು ಎಂದುಕೊಂಡಿದ್ದೆ.

ಮುಂಡಗೋಡದ ಮಾಲೆಯನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಪಟವೇಗಾರರ ಹತ್ತಿರ 21 ಮಣಿಗಳ ಸಣ್ಣ ಮಾಲೆಯನ್ನು ಗಂಟು ಹಾಕಿಸಿ ಮಾಡಿಸಿಕೊಂಡೆ. ಅಂಟುವಾಳದ ಬೀಜಗಳನ್ನು ಬಿಸಿ ಸೂಜಿಯಿಂದ ಕೊರೆಯಲು ನಾನೇ ಪ್ರಯತ್ನಿಸಿ ಸೋತು, ಕೊನೆಗೆ ಬಡಿಗರಿಂದ ಸಣ್ಣ ಬೈರಿಗೆಯಲ್ಲಿ ಕೊರೆಸಿದೆ. ಐದೂವರೆಗೆ ಮಾವನವರು ಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತಾಗ ನಾನು ಪಡಸಾಲೆಯ ಕಂಬದ ಹತ್ತಿರ ಕಣ್ಣು ತೆರೆದು ಕೂಡುತ್ತೇನೆ. ಒಂದೇ ಸುತ್ತು ಎಣಿಸುತ್ತೇನೆ, ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ನಿಪ್ಪಾಣಿಯ ಗುರುಗಳು ಹೇಳಿದ ಐದು ಶೀಲಗಳನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಈ ಆರು ವಾರಗಳಲ್ಲಿ ಒಂಬತ್ತು ದಿನ ತಪ್ಪಿದೆ. ಟಿಬೆಟಿಯನ್ನರ ಲೆಕ್ಕದಂತೆ ಬಿಟ್ಟುಬಿಟ್ಟೆ.

ಬಸ್ಸಿನಲ್ಲಿ ಉಸಿರಿನ ಎಣಿಕೆ ನನಗೆ ಆಗಲಿಲ್ಲ, ಗದ್ದಲ ಬಹಳ. ಅದರ ಬದಲು ತರಗತಿಯ ಬಾಗಿಲಿನ ಹೊಸ್ತಿಲನ್ನು ದಾಟುವ ಮುಂಚೆ ಐದು ಬೆರಳುಗಳನ್ನು ಹೆಬ್ಬೆರಳಿನಿಂದ ಮುಟ್ಟಿಕೊಳ್ಳುತ್ತೇನೆ: ಸಮಯ, ಸತ್ಯ, ಮೃದು, ಉಪಯೋಗ, ಮೈತ್ರಿ. ಹೆಬ್ಬೆರಳಿಗೆ ಹೆಬ್ಬೆರಳು ಮುಟ್ಟುವುದಿಲ್ಲವಾದ್ದರಿಂದ ಐದನೆಯದಕ್ಕೆ ಮುಷ್ಟಿ ಹಿಡಿಯುತ್ತೇನೆ. ಸಿಟ್ಟು ಇನ್ನೂ ಬರುತ್ತದೆ, ಕಳೆದ ವಾರವೂ ಎರಡು ಸಲ ಧ್ವನಿ ಏರಿತು. ಆದರೆ ಮೊದಲು ಬೈದು ಮುಗಿದ ಮೇಲೆ ತಿಳಿಯುತ್ತಿತ್ತು, ಈಗ ನಾಲಗೆಯ ತುದಿಗೆ ಬಂದಾಗಲೇ ಕೆಲವೊಮ್ಮೆ ತಿಳಿಯುತ್ತದೆ. ಮಗ್ಗಿ ಬಾರದ ಕೂಸು ಈಗ ಏಳರ ಮಗ್ಗಿಯವರೆಗೆ ಬಂದಿದ್ದಾಳೆ.

ನರ್ಸ್ ಅಕ್ಕಾವರು ಕೊಟ್ಟ ಸಂಖ್ಯೆಗೆ ಫೋನು ಮಾಡಿ ಮಾತನಾಡಿದೆ. ಅದರಿಂದ ನಿದ್ದೆ ಸ್ವಲ್ಪ ಸುಧಾರಿಸಿದೆ.

ಅಮ್ಮನ ವಿಷಯ. ಅವಳು ಶೇಂಗಾ ಹೋಳಿಗೆಯನ್ನು ಬಹಳ ಚೆನ್ನಾಗಿ ಮಾಡುತ್ತಿದ್ದಳು. ಈ ತಿಂಗಳ ಮೊದಲ ಶನಿವಾರ ಅವಳ ಅಳತೆಯಲ್ಲಿಯೇ ಶೇಂಗಾ ಹುರಿದು, ಬೆಲ್ಲ ಕೂಡಿಸಿ, 38 ಹೋಳಿಗೆ ಮಾಡಿ ಶಾಲೆಗೆ ಒಯ್ದೆ. ಅತ್ತೆಯವರು ತಾವಾಗಿಯೇ ಬಂದು ಲಟ್ಟಿಸಲು ಕುಳಿತರು. ಮಕ್ಕಳು ತಿಂದ ಮೇಲೆ ಕೈತೊಳೆಯುವ ನಳದ ಹತ್ತಿರ ನಿಂತು ಆ ಪಾಲಿ ಮಾತನ್ನು ಮೂರು ಸಲ ಹೇಳಿದೆ: 'ಇದಂ ಮೇ ನ್ಯಾತೀನಂ ಹೋತು.' ಕಟ್ಟೆಯ ಮೇಲೆ ಎಣ್ಣೆಯ ಬೆರಳಿನ ಗುರುತುಗಳು ಸಂಜೆಯವರೆಗೂ ಇದ್ದವು. ಮುಂದಿನ ತಿಂಗಳೂ ಮಾಡುತ್ತೇನೆ. ಉಚ್ಚಾರಣೆ ಸರಿಯೋ ತಪ್ಪೋ ತಿಳಿಯದು, ಗುರುಗಳು ತಿದ್ದಬೇಕು.

ವಿಜಯಪುರದವ (ಭಾನುವಾರ, ಸಂಜೆ 6.45)

ಅಕ್ಕಾವರೇ, ತಂದೆಯವರಿಗೆ ಓದಿ ಹೇಳಿದೆ. ಒಂಬತ್ತು ದಿನ ತಪ್ಪಿದ್ದಕ್ಕೆ ಏನೂ ಅನ್ನಲಿಲ್ಲ, ಹೋಳಿಗೆಗೆ ಶೇಂಗಾ ಎಷ್ಟು, ಬೆಲ್ಲ ಎಷ್ಟು ಎಂದು ಕೇಳಿದರು.

ನಿಪ್ಪಾಣಿಯ ಓದುಗ (ಭಾನುವಾರ, ರಾತ್ರಿ 8.05)

'ನ್ಯಾತೀನಂ' ಅಲ್ಲ ತಾಯಿ, 'ಞಾತೀನಂ'. ನಾಲಗೆಯ ನಡುಭಾಗವನ್ನು ಅಂಗುಳಕ್ಕೆ ಒತ್ತಿ 'ಞಾ' ಎನ್ನಬೇಕು. 'ತೀ' ದೀರ್ಘವಾಗಿರಲಿ. 'ಸುಖಿತಾ ಹೋಂತು' ಎಂಬಲ್ಲಿ ಸ್ವಲ್ಪ ನಿಂತು ಆಮೇಲೆ 'ಞಾತಯೋ' ಎನ್ನಿ. ಮುಂದಿನ ಭಾನುವಾರ ಸಂಜೆ ಏಳಕ್ಕೆ ನಮ್ಮ ಮನೆಯ ವಂದನೆಯನ್ನು ರೆಕಾರ್ಡ್ ಮಾಡಿ ಇಲ್ಲಿ ಹಾಕುತ್ತೇನೆ, ಕೇಳಿ ಕಲಿಯಬಹುದು. ನಿಮ್ಮ ಅತ್ತೆಯವರಿಗೂ ಕೇಳಿಸಿ.